ಪೀರಪ್ಪನ ಬತ್ತಾಸು

ನಿಜಾಮರ ಕಾಲದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ತಿಂದವರಿಗೆ ಪೀರಪ್ಪ ಯಾರೆಂದು ಹೇಳಬೇಕಾಗಿರಲಿಲ್ಲ. ಗೊನೆಗಳನ್ನು ಹುಲ್ಲಿನಲ್ಲಿ ಸುತ್ತಿ, ಬಂಡಿಗೆ ಹೇರಿ, ವಾರಕ್ಕೊಮ್ಮೆ ಕಲಬುರಗಿಯ ಸ್ಟೇಶನ್ ಬಜಾರಕ್ಕೆ ಒಯ್ಯುತ್ತಿದ್ದ. ಹಣ್ಣು ಮಾರುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಹಣ್ಣು ಮಾರುವವನು ಮಾತ್ರ ಇವನೊಬ್ಬನೇ.

ಹೆದರಬೇಡಿ, ಅದು ಮದ್ದಿನ ಪಿಸ್ತೂಲಲ್ಲ, ಗಾಳಿಯದು. ರೈಲಿನ ಕೆಲಸಕ್ಕೆ ಬಂದಿದ್ದ ಬಿಳಿ ದೊರೆಯೊಬ್ಬ ಇವನ ಹಣ್ಣಿಗೆ ಮರುಳಾಗಿ, ವಿಲಾಯತಿಗೆ ಹೊರಟಾಗ ಇದನ್ನು ಇವನ ಕೈಗಿಟ್ಟು ಹೋಗಿದ್ದ. ನಳಿಕೆಯನ್ನು ಎತ್ತಿ ಹಿಂದಕ್ಕೆ ಒತ್ತಿದರೆ ಒಳಗಿನ ಸ್ಪ್ರಿಂಗು ಮುದುಡಿ ಕೂರುತ್ತಿತ್ತು. ಜೋಳದ ಕಾಳಿನಷ್ಟು ಸೀಸದ ಗುಂಡು ಇಟ್ಟು ಕುದುರೆ, ಅಂದರೆ ಬೆರಳಿನ ಕೊಕ್ಕೆ, ಎಳೆದರೆ ಸ್ಪ್ರಿಂಗು ಹಾರಿ, ಗಾಳಿ ನುಗ್ಗಿ, ಫಟ್ಟೆಂದು ಗುಂಡು ಹೊರಡುತ್ತಿತ್ತು. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ" ಎಂದು ಊರವರು ನಕ್ಕರು. ನಗಲಿ ಬಿಡಿ. ಪೀರಪ್ಪ ದಿನಾ ಸಂಜೆ ಬಾಳೆತೋಟದಲ್ಲಿ ಗುರಿ ಹೊಡೆಯುವುದನ್ನು ಬಿಡಲಿಲ್ಲ.

ತಂಗಿಯ ಕುಬುಸ, ಅಂದರೆ ಬಸುರಿಯ ಉಡಿ ತುಂಬುವ ದಿನ, ಗಮ್ಮತ್ತಿಗೆಂದು ಅಂಗಳದ ಬೇವಿನ ಟೊಂಗೆಗೆ ದಾರ ಕಟ್ಟಿ ಒಂದು ಬತ್ತಾಸು ತೂಗಿಬಿಟ್ಟ. ಹಿಂದೆ ಹೊಟ್ಟು ತುಂಬಿದ ಗೋಣಿಚೀಲ ನಿಲ್ಲಿಸಿ, ಒಂದೇ ಏಟಿಗೆ ಹೊಡೆದ. ಕೆಳಗೆ ಹಾಸಿದ್ದ ಬಟ್ಟೆಯ ಮೇಲೆ ಸಕ್ಕರೆಯ ಚೂರು ಉದುರಿತು. ಅದನ್ನೇ ಆರಿಸಿ ತಂಗಿಯ ಉಡಿಗೆ ಹಾಕಿದರು. ಕೂಸು ಗುಂಡುಗುಂಡಗೆ ಹುಟ್ಟಿತು. ನಮ್ಮ ಜನ ಗೊತ್ತಲ್ಲ, ಒಂದು ಸಲ ಆದರೆ ಗಮ್ಮತ್ತು, ಎರಡು ಸಲ ಆದರೆ ಪದ್ಧತಿ. ಆಮೇಲೆ ಯಾರ ಮನೆಯ ಕುಬುಸವಾದರೂ ಪೀರಪ್ಪನ ಬತ್ತಾಸು ಇಲ್ಲದೆ ಉಡಿ ತುಂಬುತ್ತಿರಲಿಲ್ಲ.

ಹೆಂಡತಿ ಗುಂಡಮ್ಮ ಜೊತೆಗೆ ಹೋಗಿ ಚೂರು ಆರಿಸುತ್ತಿದ್ದಳು. ಅವಳ ಕುಬುಸಕ್ಕೆಂದು ಮಾತ್ರ ಬತ್ತಾಸು ಒಮ್ಮೆಯೂ ತೂಗಲಿಲ್ಲ. ಆ ಸಂಕಟವನ್ನು ಇಬ್ಬರೂ ಬಾಯಿಬಿಟ್ಟು ಆಡಿದವರಲ್ಲ. ಆದರೆ ಯಾರ ಮನೆಯಿಂದ ತಿರುಗಿ ಬರುವಾಗಲೂ ಪೀರಪ್ಪ ದಾರಿಯಲ್ಲಿ ಅಂಗಿಯ ಕಿಸೆಯಿಂದ ಒಂದು ಇಡೀ ಬತ್ತಾಸು ತೆಗೆದು ಅವಳ ಕೈಗಿಡುತ್ತಿದ್ದ. ಮನೆ ಮುಟ್ಟುವ ಮೊದಲೇ ಅವಳು ಅದನ್ನು ತಿನ್ನುತ್ತಿದ್ದಳು.

ಹೀಗಿರುವಾಗ ಪೀರಪ್ಪನಿಗೆ ಲಕ್ವಾ ಹೊಡೆಯಿತು. ಬಲಗಾಲು ಎಳೆಯತೊಡಗಿತು, ಬಲಗೈ ಪೂರಾ ಬಿದ್ದುಹೋಯಿತು. ನಾಲಗೆ ನೆಟ್ಟಗೇ ಇತ್ತು, ಆದರೆ ಮನುಷ್ಯ ಮಾತು ಬಿಟ್ಟ. "ಕೈ ಹೋದ ಮ್ಯಾಲ ಪೀರಪ್ಪ ಎಲ್ಲಿ ಉಳದಾನ? ಆ ಪಿಸ್ತೂಲ ಯಾರಿಗರ ಕೊಟ್ಟಬಿಡು" ಎಂದವನೇ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗುಂಡಮ್ಮ ಹಾಲಲ್ಲಿ ರೊಟ್ಟಿ ನೆನೆಸಿ ತಂದರೆ ನಾಲ್ಕು ತುತ್ತು ತಿಂದು ಮತ್ತೆ ಗೋಡೆಗೇ ತಿರುಗುತ್ತಿದ್ದ. ಕೈ ಹೋದದ್ದಕ್ಕೆ ಅವಳು ಅಷ್ಟು ಅಳಲಿಲ್ಲ. ಆ ಮುಖ ತನ್ನ ಕಡೆ ತಿರುಗದೆ ಹೋಯಿತಲ್ಲ, ಅದಕ್ಕೆ ಅತ್ತಳು.

ಒಂದು ದಿನ ಸಲಾವುದ್ದೀನ್ ಬಂದ. ಸ್ಟೇಶನ್ ಬಜಾರದಲ್ಲಿ ಅವನ ಚಹದ ಅಂಗಡಿ. ಪೀರಪ್ಪನ ಗೊನೆಗಳು ವರ್ಷಗಟ್ಟಲೆ ಅಲ್ಲೇ ತೂಗುತ್ತಿದ್ದವು. ಅವನ ಮಗಳು ನಜ್ಮಾ ಬೆಳೆದದ್ದೇ ಆ ಹಣ್ಣು ತಿಂದು.

"ನಜ್ಮಾ ತವರಿಗಿ ಬಂದಾಳ್ರಿ ಅಕ್ಕ. ಜುಮ್ಮಾದ ದಿನ ಆಕೀ ಉಡಿ ತುಂಬೋದದ. ನಿನ್ನ ಬತ್ತಾಸ ನಾನೇ ಹೊಡೀತೀನಿ ಅಂತ ಪೀರಪ್ಪಣ್ಣ ಆಕಿ ಸಣ್ಣಾಕಿ ಇದ್ದಾಗೇ ಮಾತ ಕೊಟ್ಟಿದ್ದ. ಈಗ ಆಕೀಗಿ ನಾ ಹ್ಯಾಂಗ ಹೇಳ್ಲಿ?"

ಗೋಡೆಯ ಕಡೆಯ ಮುಖ ಅಲುಗಲಿಲ್ಲ. ಗುಂಡಮ್ಮನಿಗೆ ಏನು ಹೊಕ್ಕಿತೋ, "ಬರ್ತೀವಿ ಅಂತ ಹೇಳ್ರಿ ಅಣ್ಣಾ" ಎಂದುಬಿಟ್ಟಳು. ಅವನು ಹೋದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಳು.

ಮರುದಿನ ಪಿಸ್ತೂಲು ತೆಗೆದಳು. ಬಹಳ ದಿನ ಮುಟ್ಟದೆ ಇದ್ದುದರಿಂದ ಅದು ಕಿರುಗುಟ್ಟುತ್ತಿತ್ತು. ಬಂಡಿಯ ಗಾಲಿ ಕಿರುಗುಟ್ಟಿದರೆ ಕುಸುಬೆ ಎಣ್ಣೆ, ತೊಟ್ಟಿಲು ಕಿರುಗುಟ್ಟಿದರೆ ಕುಸುಬೆ ಎಣ್ಣೆ. ಹಾಗಾದ ಮೇಲೆ ಇದಕ್ಕೇನು? ಒಂದು ಸೌಟು ಸುರಿದಳು. ಅಂಗಳದಲ್ಲಿ ಬತ್ತಾಸು ಕಟ್ಟಿದಳು. ನಳಿಕೆ ಒತ್ತಿ, ಗುಂಡಿಟ್ಟು, ಎರಡೂ ಕೈಯಲ್ಲಿ ಹಿಚುಕಿ ಹಿಡಿದು, ಹಲ್ಲು ಕಚ್ಚಿ ಕುದುರೆ ಎಳೆದಳು. ಫಟ್ ಎನ್ನಬೇಕಾದದ್ದು ಢಂ ಎಂದಿತು. ನಳಿಕೆಯ ಬಾಯಲ್ಲಿ ಹೊಗೆ. ಗುಂಡು ಬತ್ತಾಸು ಬಿಟ್ಟು ಬೇವಿನ ತುದಿಗೆ ಹೋಗಿ ಎಲೆ ಉದುರಿಸಿತು. ಸುಟ್ಟ ಎಣ್ಣೆಯ ವಾಸನೆ ಮನೆಯೊಳಕ್ಕೆಲ್ಲ ಹೋಯಿತು.

"ಯಾರ ಒಗ್ಗರಣಿ ಹಾಕಾಕತ್ತಾರ?" ಎಂದಿತು ಒಳಗಿನ ದನಿ.

ಗುಂಡಮ್ಮ ಹೊಸ್ತಿಲಿಗೆ ಬಂದಳು. ಪೀರಪ್ಪನ ಮುಖ ಬಾಗಿಲ ಕಡೆ ತಿರುಗಿತ್ತು.

"ಏನ ಹಾಕ್ದಿ ಅದಕ?"

"ಕುಸುಬಿ ಎಣ್ಣಿ."

"ಎಷ್ಟ?"

"ಒಂದ ಸೌಟ."

ಪೀರಪ್ಪನ ಹೊಟ್ಟೆ ಕುಲುಕಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದೆ ಗುಂಡಮ್ಮ ಹೊಸ್ತಿಲಲ್ಲೇ ಕೂತು ಎರಡನ್ನೂ ಮಾಡಿದಳು.

"ಹುಚ್ಚಿ, ಅದರೊಳಗ ಗಾಳಿ ತಡಿಯೋ ಚರ್ಮದ ಬಿಲ್ಲಿ ಅದ. ಅದಕ ಗಡಿಯಾರದ ಎಣ್ಣಿ ಒಂದ ಹನಿ ಸಾಕು. ಹೆಚ್ಚಾದ್ರ ಒಳಗಿನ ಎಣ್ಣಿಗಿ ಬೆಂಕಿ ಹತ್ತತದ, ಗುಂಡು ಮುಗಲಿಗಿ ಹೋಗ್ತದ. ತಾ ಇಲ್ಲಿ."

ಅವತ್ತು ಅವನು ಗೋಡೆಗೆ ಆನಿಕೊಂಡು ಎದ್ದು ಕೂತ. ಅವನು ಹೇಳಿದಂತೆ ಅವಳು ಬಿಚ್ಚಿದಳು, ಒರೆಸಿದಳು, ಮತ್ತೆ ಜೋಡಿಸಿದಳು. ಸಂಜೆಗೆ ತನ್ನ ಮಂಚವನ್ನು ಬಾಗಿಲ ಹತ್ತಿರ ಎಳೆಸಿಕೊಂಡ. ಗುಂಡಮ್ಮ ಹೊಡೆದಳು. ಒಂದು ಗುಂಡು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ಮತ್ತೊಂದು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

"ಯಾಕ ಅದರ ಕುತ್ತಿಗಿ ಹಿಚಕ್ತಿ?"

"ಸಡಲ ಬಿಟ್ರ ಹಾರತದರೀ."

"ಹಾರಲಿ. ಸ್ಪ್ರಿಂಗ ಒದ್ದಾಗ ಗುಂಡು ಇನ್ನಾ ನಳಿಕ್ಯಾಗೇ ಇರ್ತದ. ಗಟ್ಟಿ ಹಿಡದ್ರ ಒಂದ ಸಲ ಇತ್ತ ಒದೀತದ, ಒಂದ ಸಲ ಅತ್ತ. ಹಗೂರ ಹಿಡಿ, ಪ್ರತಿ ಸಲಾನೂ ಒಂದೇ ನಮೂನಿ ಹಿಡಿ. ಹೊಡದ ಮ್ಯಾಲೂ ಕೈ ಅಲ್ಲೇ ಇರಲಿ, ಲಗೂನ ಇಳಸಬ್ಯಾಡ."

"ಹಗೂರ ಅಂದ್ರ ಎಷ್ಟ ಹಗೂರ?"

ಅದು ಪೀರಪ್ಪನ ಬಲಗೈಗೆ ಗೊತ್ತಿದ್ದ ಸಂಗತಿ, ಬಾಯಿಗೆ ಗೊತ್ತಿರಲಿಲ್ಲ. ಬಿದ್ದ ಆ ಕೈಯನ್ನು ಎಡಗೈಯಿಂದ ಎತ್ತಿ ಅವಳ ಅಂಗೈಯಲ್ಲಿಟ್ಟ.

"ದಿನಾ ಮುಂಜಾನಿ ನನಗ ಬಚ್ಚಲಕ ಒಯ್ತಿಯಲ್ಲ, ಆವಾಗ ಇದನ್ನ ಹ್ಯಾಂಗ ಹಿಡೀತಿ?"

ಗುಂಡಮ್ಮ ಹಿಡಿದು ತೋರಿಸಿದಳು. ಜಾರಿ ಬೀಳಬಾರದು, ನೋಯಲೂಬಾರದು.

"ಅಷ್ಟ" ಎಂದ.

ಅಲ್ಲಿಂದ ಗುಂಡುಗಳು ಒಂದರ ಮಗ್ಗುಲಿಗೊಂದು ಬೀಳತೊಡಗಿದವು. ಬತ್ತಾಸಿಗೇ ಬಿದ್ದವು ಎಂದು ಹೇಳಿದರೆ ಸುಳ್ಳಾದೀತು. ಕೆಲವು ಬಿದ್ದವು, ಕೆಲವು ಬೆರಳಂತರದಲ್ಲಿ ತಪ್ಪಿದವು. ಪೀರಪ್ಪ ಬೈಯುತ್ತಿದ್ದ, ಅವಳು ತಿರುಗಿ ಬೈಯುತ್ತಿದ್ದಳು. ಮನೆಯಲ್ಲಿ ಮತ್ತೆ ಮಾತು ಹುಟ್ಟಿತ್ತು, ಊಟ ಹೊಟ್ಟೆಗೆ ಹೋಗುತ್ತಿತ್ತು.

ಶುಕ್ರವಾರ ನಮಾಜು ಮುಗಿದ ಮೇಲೆ ಸಲಾವುದ್ದೀನನ ಅಂಗಡಿಯ ಹಿಂದಿನ ಅಂಗಳದಲ್ಲಿ ಜನ ನೆರೆದರು. ಹಸಿರು ಬಳೆ, ತಲೆತುಂಬ ಹೂವು; ನಜ್ಮಾ ಒಂದು ಬದಿಗೆ ಚಾಪೆಯ ಮೇಲೆ ಕೂತಿದ್ದಳು. ಪೀರಪ್ಪನಿಗೆ ಕುರ್ಚಿ ಹಾಕಿದರು. ಪಿಸ್ತೂಲು ಗುಂಡಮ್ಮನ ಕೈಗೆ ಬಂದಾಗ ಹೆಂಗಸರಲ್ಲಿ ಗುಸುಗುಸು ಎದ್ದಿತು. ಪದ್ಧತಿಯ ಪ್ರಕಾರ ಒಂದೇ ಏಟು, ಎರಡನೆಯದಿಲ್ಲ.

ತಪ್ಪಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಜ್ಮಾ ನಕ್ಕು, ಇನ್ನೊಂದು ಬತ್ತಾಸು ಮುರಿದು ಉಡಿಗೆ ಹಾಕಿಸಿಕೊಳ್ಳುತ್ತಿದ್ದಳು. ಆದರೆ ತಪ್ಪಿದರೆ ಈ ಮುಖ ಮತ್ತೆ ಗೋಡೆಗೆ ತಿರುಗುತ್ತದೆ ಎಂಬುದು ಗುಂಡಮ್ಮನಿಗೆ ಗೊತ್ತಿತ್ತು. ಅದೊಂದೇ ಹೆದರಿಕೆಗೆ ಅವಳ ಬೆರಳುಗಳು ತಾವಾಗಿಯೇ ಪಿಸ್ತೂಲಿನ ಕುತ್ತಿಗೆ ಹಿಚುಕಿದವು.

ಪಿಸ್ತೂಲು ಇಳಿಸಿದಳು. ಕುರ್ಚಿಯ ಮಗ್ಗುಲಿಗೆ ಸರಿದು, ಅಷ್ಟು ಜನರ ಮುಂದೆ, ಗಂಡನ ಬಿದ್ದ ಬಲಗೈಯನ್ನು ತನ್ನ ಎಡಗೈಯಲ್ಲಿ ತೆಗೆದುಕೊಂಡಳು. ದಿನಾ ಮುಂಜಾನೆ ಹಿಡಿದಂತೆಯೇ ಹಿಡಿದಳು. ಎಡಗೈಗೆ ಅಳತೆ ಗೊತ್ತಿತ್ತು. ತನ್ನ ಬಲಗೈಯನ್ನು ಅದರಂತೆಯೇ ಸಡಿಲಿಸಿದಳು. ಪಿಸ್ತೂಲು ಎತ್ತಿ, ಉಸಿರು ಬಿಟ್ಟು, ಕುದುರೆ ಎಳೆದಳು.

ಫಟ್ ಎಂದಿತು. ದಾರದ ತುದಿಯಲ್ಲಿ ಬತ್ತಾಸು ಇರಲಿಲ್ಲ. ಹೆಂಗಸರು ಚೂರು ಆರಿಸಲು ಓಡಿದರು, ಸಲಾವುದ್ದೀನ್ ಕಣ್ಣೊರೆಸಿಕೊಂಡ. ಗುಂಡಮ್ಮ ಮಾತ್ರ ಪಿಸ್ತೂಲು ಎತ್ತಿದಂತೆಯೇ ನಿಂತಿದ್ದಳು.

"ಗುಂಡು ಹೋಯ್ತ ಗುಂಡಿ, ಇನ್ನ ಕೈ ಇಳಸು" ಎಂದ ಪೀರಪ್ಪ.

"ಪಿಸ್ತೂಲ ಇಳಸ್ತೀನ್ರಿ. ಈ ಕೈ ಬಿಡು ಅನಬ್ಯಾಡ್ರಿ" ಎಂದಳು.

ತಿರುಗಿ ಬರುವಾಗ ಬಂಡಿ ಕಲಬುರಗಿ ದಾಟಿ ಕಮಲಾಪುರದ ದಾರಿಗೆ ಬಿದ್ದಿತು. ಪೀರಪ್ಪ ಎಡಗೈಯಿಂದ ಅಂಗಿಯ ಕಿಸೆ ತಡಕಾಡಿದ. ಬಲಗಡೆಯ ಕಿಸೆ, ಕೈ ಎಟುಕಲೊಲ್ಲದು. ಗುಂಡಮ್ಮ ತಾನೇ ತೆಗೆಯಲು ಹೋದರೆ ಬಿಡಲಿಲ್ಲ. ಕೊನೆಗೆ ಒಂದು ಇಡೀ ಬತ್ತಾಸು ಹೊರಬಂತು. ಅವಳು ಎಂದಿನಂತೆ ಕೈ ಚಾಚಿದಳು.

"ಕೈ ಬ್ಯಾಡ, ಉಡಿ ಒಡ್ಡು" ಎಂದ.

ಇಷ್ಟು ವರ್ಷ ಊರ ಹೆಂಗಸರ ಉಡಿಗೆಲ್ಲ ಚೂರು ಆರಿಸಿ ಹಾಕಿದವಳು, ತಲೆ ನರೆತ ಮೇಲೆ, ನಡುದಾರಿಯಲ್ಲಿ, ಸೆರಗನ್ನು ಉಡಿ ಮಾಡಿ ಗಂಡನ ಮುಂದೆ ಒಡ್ಡಿದಳು. ಅವನು ಎಡಗೈಯಿಂದ ಬತ್ತಾಸನ್ನು ಅದರೊಳಗಿಟ್ಟ. ಊರು ಮುಟ್ಟುವವರೆಗೂ ಅವಳು ಅದನ್ನು ತಿನ್ನಲಿಲ್ಲ.