ಇದ್ದದ್ದು ಇದ್ದ ಹಾಗೆ

ಹೊನ್ನಾಳಿಯ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಬಳಿ ಈಳಿಗೆಮಣೆ, ಅರ್ಧ ಹೆಚ್ಚಿದ ನಿಂಬೆಹಣ್ಣು, ಉಪ್ಪಿನ ಮರಿಗೆ ಮೂರೂ ಎಳೆಬಿಸಿಲಿಗೆ ಕೂತು ಹರಟೆ ಹೊಡೆಯುತ್ತಿರುವಂತೆ ಕಂಡವು. ನಾನು ಓಡಿಹೋಗಿ ಕ್ಯಾಮೆರಾ ತರುವಷ್ಟರಲ್ಲಿ ನನ್ನ ಹೆಂಡತಿ ನಿಂಬೆಯನ್ನು ಜಾಡಿಗೆ ಸೇರಿಸಿ, ಈಳಿಗೆಯನ್ನು ತೊಳೆದು ಗೋಡೆಗೆ ಒರಗಿಸಿ, ನೆಲ ಸಾರಿಸಿ, “ಈಗ ತೆಗೀರಿ, ಎಲ್ಲಾ ಚೊಕ್ಕ ಐತೆ” ಎಂದಳು. ಚೊಕ್ಕವಾಗಿತ್ತು, ನಿಜ, ತೆಗೆಯಲು ಏನೂ ಉಳಿದಿರಲಿಲ್ಲ, ಅಷ್ಟೆ.

ನೀವು ನಗುತ್ತೀರಿ, ಗೆಳೆಯರೆ. ಆದರೆ ನಿರ್ಜೀವ ವಸ್ತುಗಳ ಚಿತ್ರ ತೆಗೆಯುವವನು ಅವುಗಳನ್ನು ಮುಟ್ಟಬಹುದೇ ಎಂಬುದು ಆ ಕಾಲದಲ್ಲಿ ನನಗೆ ಊಟ ತಪ್ಪಿಸುವಷ್ಟು ದೊಡ್ಡ ಪ್ರಶ್ನೆಯಾಗಿತ್ತು. ನಾನು ಶಾಲಾ ಮೇಷ್ಟ್ರು, ಹಠಕ್ಕೆ ಕಡಿಮೆಯಿಲ್ಲ. ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ತೆಗೆಯಬೇಕು. ಬೆಳಕು ಸಾಲದಿದ್ದರೆ ನಾನು ಸರಿಯಬೇಕೇ ಹೊರತು ಚೊಂಬು ಸರಿಯಬಾರದು, ಎಂದು ನನ್ನ ವಾದ. ಚನ್ನಗಿರಿಯಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಸ್ನೇಹಿತ ರುದ್ರಣ್ಣನದು ಇದಕ್ಕೆ ತದ್ವಿರುದ್ಧ. ಕೆರೆಬಿಳಚಿಯ ರೈತನನ್ನು ಬಣ್ಣದ ಅರಮನೆಯ ಪರದೆಯ ಮುಂದೆ ಕೂರಿಸಿ, ಕೈಗೊಂದು ಪುಸ್ತಕ ಕೊಟ್ಟು ಕಳಿಸುತ್ತಿದ್ದ ಮನುಷ್ಯ ಅವನು.

“ಮೇಷ್ಟ್ರೇ, ಮದುವೆ ಗಂಡಿಗೆ ಬಾಸಿಂಗ ಕಟ್ಟಿ ಕೂರಿಸ್ತಾರಲ್ಲ, ಅದೂ ಸುಳ್ಳೇನ್ರೀ? ಚೊಂಬಿಗೂ ಒಂದು ಬಾಸಿಂಗ ಇರ್ಲಿ ಬಿಡ್ರಿ” ಎನ್ನುತ್ತಿದ್ದ.

ಒಮ್ಮೆ ಇಬ್ಬರೂ ಜಗಳೂರು ಸೀಮೆಯ ಸೊಕ್ಕೆ ಎಂಬ ಹಳ್ಳಿಗೆ ಹೋಗಿದ್ದಾಗ, ಕಣದಲ್ಲಿ ಒಂದು ಹಳೆಯ ಮೊರ ಸಂಜೆಯ ಬಿಸಿಲಿಗೆ ಹೊಳೆಯುತ್ತ ಬಿದ್ದಿತ್ತು. ರುದ್ರಣ್ಣ ಅದರಲ್ಲಿ ಒಂದು ಸಜ್ಜೆಯ ತೆನೆ ಇಟ್ಟ, ನಾನು ಅದನ್ನು ತೆಗೆದು ಪಕ್ಕಕ್ಕೆಸೆದೆ, ಅವನು ಮತ್ತೆ ಇಟ್ಟ. ನಾವು ಹೀಗೆ ಇಡುತ್ತ ತೆಗೆಯುತ್ತ ಇರುವಾಗ ಸೂರ್ಯ ಮುಳುಗಿಹೋದ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಅಲ್ಲಿ ಮೂರನೆಯದಾಗಿದ್ದ ಮೊರಕ್ಕೆ ಯಾವ ಲಾಭವೂ ಆಗಲಿಲ್ಲ.

ಈ ತಮಾಷೆಯ ತಕರಾರು ತಮಾಷೆಯಾಗಿ ಉಳಿಯದೆ ಹೋದದ್ದು ಸಾಸ್ವೆಹಳ್ಳಿಯಲ್ಲಿ. ನನ್ನ ಹೆಂಡತಿಯ ದೊಡ್ಡಪ್ಪ ಹಾಲಪ್ಪನವರು ಅಲ್ಲಿಯವರು. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂಬ ಭಯ ಅವರಿಗೆ. ನನ್ನ ಕ್ಯಾಮೆರಾ ಕಂಡರೆ ಸಾಕು, ಹೆಗಲ ವಲ್ಲಿಯನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ಅಷ್ಟು ಜೋಪಾನ ಮಾಡಿದ ಆಯಸ್ಸು ಒಂದು ಜ್ವರಕ್ಕೆ ಮುಗಿದುಹೋಯಿತು. ಕರ್ಮದ ದಿನ ಸತ್ತವರ ಬಳಕೆಯ ವಸ್ತುಗಳನ್ನೆಲ್ಲ ದಾನ ಕೊಟ್ಟುಬಿಡುವುದು ಆ ಮನೆತನದ ರೂಢಿ. ಮುಖವಂತೂ ಉಳಿಯಲಿಲ್ಲ, ಸಾಮಾನಾದರೂ ಚಿತ್ರದಲ್ಲಿ ಉಳಿಯಲಿ, ಅವು ಹೊರಗೆ ಹೋಗುವ ಮೊದಲು ಬನ್ನಿ ಎಂದು ದೊಡ್ಡಮ್ಮ ಗೌರಮ್ಮನವರು ಹೇಳಿಕಳಿಸಿದರು. ಯುದ್ಧದ ಕಾಲ, ಫಿಲಂ ಎಲ್ಲಿಯೂ ಸಿಗುತ್ತಿರಲಿಲ್ಲ. ನನ್ನ ಸುರುಳಿಯಲ್ಲಿ ಉಳಿದಿದ್ದದ್ದು ಒಂದೇ ಚಿತ್ರದಷ್ಟು ಜಾಗ.

ನಾನು ಹೋದಾಗ ಜಗುಲಿಯ ಮೇಲೆ ಎಲ್ಲ ಸಿದ್ಧವಾಗಿತ್ತು. ಹಾಲಪ್ಪನವರ ತಮ್ಮ ಬಸಣ್ಣ ರುಮಾಲನ್ನು ಒಗೆದು ಮಡಿಸಿಟ್ಟಿದ್ದ. ಊರುಗೋಲಿಗೆ ವಿಭೂತಿ ಬಳಿದು, ಎಲೆ ಅಡಿಕೆಯ ಸಂಚಿಯ ಬಾಯಿ ಬಿಗಿದು, ಚಪ್ಪಲಿಗಳಿಗೆ ಎಣ್ಣೆ ಸವರಿ ಮೆಟ್ಟಿಲ ಕೆಳಗೆ ಜೋಡಿಯಾಗಿ ನಿಲ್ಲಿಸಿದ್ದ. ನಾನು ಒಳಗೊಳಗೇ ಸಮಾಧಾನಪಟ್ಟೆ: ಕಂಡದ್ದು ಕಂಡ ಹಾಗೆ ತೆಗೆದರಾಯಿತು, ಮುಟ್ಟುವ ಪಾಪ ನನಗಿಲ್ಲ. ಅಷ್ಟರಲ್ಲಿ ಗೌರಮ್ಮನವರು ಹೊರಗೆ ಬಂದು ಬಾಗಿಲಲ್ಲೇ ನಿಂತರು.

“ಅಳಿಯಂದ್ರೇ, ಇದು ಯಾರ ಮನೆ ಸಾಮಾನ್ರೀ?” ಎಂದರು. “ಅವ್ರು ಒಂದು ದಿನಾನಾದ್ರೂ ಹಿಂಗೆ ಇಟ್ಟಿದ್ರಾ? ನಾನು ಸರಿ ಮಾಡ್ತೀನಿ, ಒಸಿ ತಡೀರಿ.”

ನಾನು ಪೇಚಿಗೆ ಸಿಕ್ಕಿದೆ. ಕಂಡದ್ದನ್ನು ಕದಲಿಸಬಾರದೆಂಬುದು ನನ್ನ ವ್ರತ. ಆದರೆ ಕಂಡದ್ದನ್ನು ನನಗಿಂತ ಮೊದಲೇ ಒಬ್ಬರು ಕದಲಿಸಿದ್ದರೆ? ನಾವು ‘ಇದ್ದ ಹಾಗೆ’ ಎನ್ನುವುದರಲ್ಲಿ ಯಾರ ಯಾರ ಕೈಗಳು ಆಗಲೇ ಆಡಿಹೋಗಿವೆಯೋ ಬಲ್ಲವರು ಯಾರು? ಕ್ಯಾಮೆರಾ ಇಳಿಸಿ ಪಕ್ಕಕ್ಕೆ ನಿಂತೆ.

ಅವರು ರುಮಾಲಿನ ಮಡಿಕೆ ಬಿಚ್ಚಿ ಮುದ್ದೆ ಮಾಡಿ ಎಸೆದರು. ಕೋಲಿನ ವಿಭೂತಿಯನ್ನು ಸೆರಗಿನಿಂದ ಒರೆಸಿ, ಇನ್ನೇನು ಜಾರಿ ಬಿದ್ದೀತು ಎನ್ನುವ ಹಾಗೆ ಕಂಬಕ್ಕೆ ಆನಿಸಿದರು. ಸಂಚಿಯ ದಾರ ಸಡಿಲಿಸಿದರು. ಆಮೇಲೆ ಒಂದು ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟು, ಇನ್ನೊಂದನ್ನು ಮಾರು ದೂರ ಒಯ್ದು ಬೋರಲು ಹಾಕಿದರು.

ನಮ್ಮ ಕಡೆ ಬೋರಲು ಬಿದ್ದ ಚಪ್ಪಲಿ ಕಂಡರೆ, ಅದು ಯಾರ ಮನೆಯದೇ ಆಗಲಿ, ಕಂಡವರು ಕಾಲಿನಿಂದಲಾದರೂ ಹೊರಳಿಸಿಯೇ ಮುಂದೆ ಹೋಗುತ್ತಾರೆ. ಬಸಣ್ಣನಿಗೆ ತಡೆಯಲಾಗಲಿಲ್ಲ.

“ಬ್ಯಾಡ ಅತ್ತಿಗೆ. ಬೋರಲು ಮೆಟ್ಟು ಮನೆ ಮುಂದಿದ್ರೆ ಜಗಳ ಆಗ್ತೈತೆ.”

“ಆಗ್ಲಿ ಬಿಡಪ್ಪ” ಎಂದರು ಗೌರಮ್ಮ. “ನನ್ ಜೊತೆ ಜಗಳ ಆಡಾಕೆ ಇನ್ನು ಯಾರು ಅದಾರೆ?”

ಬಸಣ್ಣ ಒಳಗೆ ಹೋದ. ನಾನು ಚಿತ್ರ ತೆಗೆದೆ.

ಆ ಚಿತ್ರವನ್ನು ತೊಳೆದು ಅಚ್ಚು ಹಾಕಿಕೊಟ್ಟವನು ರುದ್ರಣ್ಣನೇ. ಒದ್ದೆ ಕಾಗದವನ್ನು ಬೆಳಕಿಗೆ ಹಿಡಿದು, “ಏನ್ ಮೇಷ್ಟ್ರೇ, ಕೊನೆಗೂ ಜೋಡ್ಸಾಕೆ ಕಲಿತ್ರಿ!” ಎಂದು ಗೆದ್ದವನಂತೆ ನಕ್ಕ. ನಾನು ವಾದಕ್ಕೆ ಇಳಿಯಲಿಲ್ಲ, ಸೋಲನ್ನೂ ಒಪ್ಪಲಿಲ್ಲ. ಛಾಯಾಗ್ರಾಹಕ ವಸ್ತುಗಳನ್ನು ಮುಟ್ಟಬಾರದೆಂದೇ ನಾನು ಇಂದಿಗೂ ಹೇಳುತ್ತೇನೆ. ಚಂದಕ್ಕಾಗಿ ಸರಿಸುವ ಕೈಗೂ ನೆನಪಿನಿಂದ ಸರಿಸುವ ಕೈಗೂ ಅಂತರವಿದೆ. ಎರಡನೆಯದು ಆ ವಸ್ತುಗಳೊಡನೆ ಬಾಳಿದವರಿಗೆ ಮಾತ್ರ ಇರುವ ಹಕ್ಕು. ನಾವು ಹೊರಗಿನವರು, ಅವರ ಕೆಲಸ ಮುಗಿಯುವ ತನಕ ಕಾದು ನಿಲ್ಲಬೇಕು. ಆದರೆ ಅವರೂ ಒಮ್ಮೊಮ್ಮೆ ತಪ್ಪು ನೆನಪಿಟ್ಟುಕೊಂಡಿರಬಹುದಲ್ಲ ಎಂದು ನೀವು ಕೇಳಬಹುದು.

ಚಿತ್ರ ಕೊಡಲು ಸಾಸ್ವೆಹಳ್ಳಿಗೆ ಹೋದಾಗ ರುಮಾಲು, ಕೋಲು, ಚಪ್ಪಲಿ ಎಲ್ಲವೂ ಆ ಮನೆಯನ್ನು ಬಿಟ್ಟು ಹೋಗಿದ್ದವು. ಕಾಲಲ್ಲಿ ಮೆಟ್ಟುವುದು ಇರುವ ಚಿತ್ರವನ್ನು ಗೋಡೆಯಲ್ಲಿ ದೇವರ ಪಟಗಳ ಸಾಲಿಗೆ ಹಾಕಲಾಗದು ಎಂದ ಬಸಣ್ಣ. ಗೌರಮ್ಮನವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಜಗುಲಿಯ ಅಂಚಿಗೆ ಕೂತು, ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನೋಡುತ್ತ ನೋಡುತ್ತ ಅವರ ತುಟಿಯ ಮೇಲೆ ಗಂಡನಿಗೆ ದಿನವೂ ಹಾಕುತ್ತಿದ್ದ ಹಳೆಯ ಗದರಿಕೆಯೊಂದು ಮೂಡಿತು. ತೋರುಬೆರಳು ತನ್ನಷ್ಟಕ್ಕೆ ತಾನೇ ಆ ಬೋರಲು ಚಪ್ಪಲಿಯ ಅಂಚಿಗೆ ಹೋಗಿ, ಅದನ್ನು ಹೊರಳಿಸಲು ನೋಡಿ, ಕಾಗದದ ಮೇಲೆ ಜಾರಿತು.

“ಇನ್ನು ಇದನ್ನ ಸರಿ ಮಾಡಾಕೆ ಬರಲ್ಲ, ಅಲ್ರೀ ಅಳಿಯಂದ್ರೇ?” ಎಂದರು. ಕರ್ಮದ ದಿನವೂ ಅಳದಿದ್ದವರು, ಆಗ ಅತ್ತರು.