ಅನುಸೂಯ ಮಿಸ್ಸು ಕಂಡ ಮಹಾಸ್ಫೋಟ

ಹಿರೇಗುಂಟನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಅನುಸೂಯ ಹಾವಿಗೆ ಹೆದರಿದವಳಲ್ಲ, ಇನ್ಸ್‌ಪೆಕ್ಷನ್ನಿಗಂತೂ ಮೊದಲೇ ಅಲ್ಲ. ಹೊಸದುರ್ಗದ ಕಡೆಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಸಿರಿಗೆರೆಯಲ್ಲಿ ಓದಿ, ಮತ್ತೆ ಕುರಿಗಾರರ ಮನೆಗೇ ಸೊಸೆಯಾಗಿ ಬಂದವಳು. ಅಂಥವಳು ಆ ಭಾನುವಾರ ಸಂಜೆ ಕಂಪ್ಯೂಟರಿನ ಮುಂದೆ ಹೆದರಿ ಕೂತಿದ್ದಳು. ಒಂದು ತಾರೆ ಅವಳ ಮಾನವನ್ನು ತಾರಾತಿಗಡಿ ಮಾಡಿತ್ತು.

ಅವಳಿಗೊಂದು ಹುಚ್ಚು. ಆಕಾಶದ ಫೋಟೋ ತೆಗೆಯುವ ವಿಜ್ಞಾನಿಗಳ ತಂಡವೊಂದು ಇಂಟರ್ನೆಟ್ಟಿನಲ್ಲಿ ಚಿತ್ರಗಳನ್ನು ಹಂಚುತ್ತದೆ. ಮೊನ್ನೆ ಇರದ ಬೆಳಕು ನಿನ್ನೆ ಕಂಡಿದ್ದರೆ ಹವ್ಯಾಸಿಗಳು ಹುಡುಕಿ ಹೇಳಬೇಕು. ಶುಕ್ರವಾರ ಅವಳಿಗೊಂದು ಸಿಕ್ಕಿತು. ಫಳ್ಳೆಂದು ಬೆಳಗಿ ಮರೆಯಾದ ಚುಕ್ಕೆ. ಹಳೆಯ ಫೋಟೋ ತೆರೆದು ಅದೇ ಜಾಗ ನೋಡಿದಳು. ಬರೀ ಕತ್ತಲೆ. ಅಂದಮೇಲೆ ಕೋಟ್ಯಂತರ ಜ್ಯೋತಿರ್ವರ್ಷ ಆಚೆ ಯಾವುದೋ ನಕ್ಷತ್ರ ಸಿಡಿದು ಸತ್ತಿದೆ ಎಂದು ಬರೆದು ಕಳಿಸಿದಳು. ತಂಡದ ವಿನೋದ್ ಫೋನ್ ಮಾಡಿ, "ಭಾನುವಾರ ಕತ್ತಲಾಗ್ತಿದ್ದಂಗೆ ದೊಡ್ಡ ಟೆಲಿಸ್ಕೋಪ್ ಅತ್ತ ತಿರುಗಿಸ್ತೀವಿ ಮೇಡಂ, ನಿಮ್ಮ ಮಾತಿನ ಮೇಲೇ" ಎಂದ.

ಮಾವ ಬೋರಣ್ಣನಿಗೆ ಅಷ್ಟು ಸಾಕಾಯಿತು. ಚಿತ್ರದುರ್ಗದಲ್ಲಿ ಫ್ಲೆಕ್ಸ್ ಮಾಡಿಸಿ ಬಸ್‌ಸ್ಟಾಪಿನಲ್ಲಿ ಕಟ್ಟಿಸಿಯೇಬಿಟ್ಟ. ಸ್ಫೋಟ ಕಂಡ ಸೊಸೆಯ ಫೋಟೋ ಸಣ್ಣದು, ಶುಭ ಕೋರುವ ಬೋರಣ್ಣನದು ದೊಡ್ಡದು.

ಭಾನುವಾರ ಸಂಜೆ ಬಂದ ಹೊಸ ಚಿತ್ರದಲ್ಲಿ ಅದೇ ಚುಕ್ಕೆ ಮತ್ತೆ ಫಳ್ಳೆಂದಿತ್ತು. ಸಿಡಿದು ಸತ್ತದ್ದು ಎರಡನೇ ಸಲ ಸಿಡಿಯುವುದುಂಟೇ? ಹೆಣ ಎದ್ದು ಕೆಮ್ಮಿದ ಹಾಗಾಯಿತು. ಹಳೆಯ ಫೋಟೋಗಳನ್ನು ಮತ್ತೆ ತೆರೆದು ಈ ಸಲ ಸುತ್ತಮುತ್ತಲೂ ಕಣ್ಣಾಡಿಸಿದಳು. ತುಸು ಪಕ್ಕದಲ್ಲೇ ಮಂಕಾದ ಒಂದು ಕೆಂಪು ಚುಕ್ಕೆ. ವರ್ಷದಿಂದ ವರ್ಷಕ್ಕೆ ಚೂರುಚೂರೇ ಈ ಜಾಗದ ಕಡೆಗೆ ಸರಿಯುತ್ತ ಬಂದಿತ್ತು. ಹೋದ ವರ್ಷ ಮಂದೆ ತಂಗಿದ್ದ ಹೊಲದಲ್ಲೇ ಈ ವರ್ಷವೂ ಕುರಿ ಹುಡುಕುವವನನ್ನು ಕಂಡು ಅವಳ ಮನೆಯ ಮಕ್ಕಳೂ ನಗುತ್ತವೆ. ಅವಳು ಮಾಡಿದ್ದು ಅದನ್ನೇ, ಉಲ್ಟಾ: ಈ ವರ್ಷದ ಹೊಲದಲ್ಲಿ ಹೋದ ವರ್ಷದ ಕುರಿ ಹುಡುಕಿದ್ದಳು. ಕಣ್ಣಿಗೆ ಕಾಣುವಷ್ಟು ಸರಿದಾಡುವ ನಕ್ಷತ್ರ ಹತ್ತಿರದ್ದೇ ಇರಬೇಕು. ಆಗಾಗ ಸಿಟ್ಟಿಗೆದ್ದು ಭುಗಿಲೇಳುವ ಪುಟ್ಟ ಕೆಂಪು ನಕ್ಷತ್ರ!

ಹೊರಗೆ ಹೊತ್ತು ಮುಳುಗುತ್ತಿತ್ತು. ಬಾಯಿ ಬಿಟ್ಟರೆ ತಂಡದಲ್ಲಿ ಇನ್ನು ಅವಳ ಮಾತನ್ನು ಯಾರು ನಂಬುತ್ತಾರೆ? ಬಿಡದಿದ್ದರೆ ಸುಳ್ಳಿನ ಬೆನ್ನಿಗೆ ದೊಡ್ಡ ಟೆಲಿಸ್ಕೋಪು. ವಿನೋದ್‌ಗೆ ಫೋನ್ ಹಚ್ಚಿ ಒಂದೇ ಉಸಿರಿಗೆ ಹೇಳಿದಳು.

ವಿನೋದ್, "ನಿಲ್ಲಿಸ್ತೀನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಸಿಟ್ಟೋ, ಅವಸರವೋ, ತಿಳಿಯಲಿಲ್ಲ. ಅವಳು ಎದ್ದು ಹೊರಗೆ ಬಂದಳು.

ಅಂಗಳದಲ್ಲಿ ಬೋರಣ್ಣ ಕುರಿಗಳಿಗೆ ನೀರಿಡುತ್ತಿದ್ದ.

"ಮಾವ, ಫ್ಲೆಕ್ಸ್ ಇಳಿಸ್ರಿ. ಅದು ದೂರದ್ದಲ್ಲ. ಹತ್ರದ ನಕ್ಷತ್ರ, ಆಗಾಗ ಉರಿ ಉಗುಳ್ತೈತೆ ಅಷ್ಟೆ."

ಬೈಗುಳಕ್ಕೆ ಕಾದು ನಿಂತಳು. ಬೋರಣ್ಣನ ಕೈಯಿಂದ ಬಕೆಟ್ಟು ಜಾರಿತು.

"ಹತ್ರದ್ದಾ? ಎಷ್ಟ್ ಹತ್ರ?"

"ಇಪ್ಪತ್ತು ಜ್ಯೋತಿರ್ವರ್ಷ ಇರಬೌದು."

"ಕೋಟಿ ಇದ್ದಿದ್ದು ಎರಡೇ ದಿನಕ್ಕೆ ಇಪ್ಪತ್ತಕ್ಕೆ ಬಂತಾ! ಉರಿ ಬ್ಯಾರೆ ಉಗುಳ್ತೈತಾ?"

"ಅಯ್ಯೋ, ಇಲ್ಲಿಗೆಲ್ಲ ಬರಲ್ಲ ಮಾವ."

"ಸತ್ತೈತೆ ಅಂದೋಳೂ ನೀನೇ ಅಲ್ಲೇನವ್ವ?"

ಬೋರಣ್ಣ ಕುರಿಗಳನ್ನೆಲ್ಲ ತಗಡಿನ ಸೂರಿನ ಕೆಳಗೆ ಅಟ್ಟತೊಡಗಿದ. ಬರಲ್ಲ ಎಂದು ಗೊತ್ತಿದ್ದರೂ ಅನುಸೂಯಳೂ ಒಂದು ಮರಿಯನ್ನು ಎದೆಗವಚಿಕೊಂಡು, ಮೇಲೊಮ್ಮೆ ನೋಡಿ, ಒಳಗೆ ಓಡಿದಳು.