ನಂದಿನಿ ಲೇಔಟಿನಿಂದ ಕೆಂಗೇರಿಗೆ, ಒಂದು ಫೋಟೋಗಾಗಿ

ಭಾನುವಾರ ಬೆಳಿಗ್ಗೆ ಏಳೂವರೆಗೆ ನಂದಿನಿ ಲೇಔಟ್ ಬಿಟ್ಟೆವು. ಕಾರ್ತಿಕದ ಚಳಿ, ಮೇಲೆ ಮೋಡ. ಪ್ರವಾಸ ಎಂದರೆ ಜನ ಬೆಟ್ಟ, ಸಮುದ್ರ ಎನ್ನುತ್ತಾರೆ. ನಮ್ಮದು ಊರನ್ನೇ ದಾಟದ ಪ್ರವಾಸ: ಕೆಂಗೇರಿಗೆ ಹೋಗಿ ಸಂಜೆಗೆ ವಾಪಸ್ಸು. ನಾನು ಒಬ್ಬಳೇ ದಿಲ್ಲಿಗೆ ಹೋಗಿ ಬಂದವಳು. ಆಗಲೂ ಇಷ್ಟು ಹೆದರಿರಲಿಲ್ಲ.

ಜೊತೆಗಿದ್ದವಳು ಭಾರತಿ, ಹೈಸ್ಕೂಲಿನಿಂದ ನನ್ನ ಗೆಳತಿ. ವಯಸ್ಸು ಮೂವತ್ತೇಳು. ಬಸವೇಶ್ವರನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಇನ್ನು ಹನ್ನೆರಡು ದಿನಕ್ಕೆ ಅವಳ ಮದುವೆ. ಮದುವೆಗೆ ಮುಂಚೆ ಗೆಳತಿಯರೇ ಸೇರಿ ಮಾಡುವ ಬ್ಯಾಚುಲರೆಟ್ ಪಾರ್ಟಿ ಅವಳಿಗೆ ಮಾಡಬೇಕೆಂದು ಹಟ ಹಿಡಿದವಳು ನಾನು. ಕುಡಿತ, ಕುಣಿತ ಎರಡೂ ಅವಳಿಗಾಗದು. ಹಾಗಾಗಿ ಮೂರು ವಾರ ತಲೆ ಕೆಡಿಸಿಕೊಂಡು ಬೇರೆ ಯೋಜನೆ ಹಾಕಿದೆ: ರಾಜಾಜಿನಗರದಲ್ಲಿ ತಿಂಡಿ, ವಿಜಯನಗರದಲ್ಲಿ ಬಳೆ, ಕೆಂಗೇರಿಯಲ್ಲಿ ಫೋಟೋ. ಫೋಟೋಗ್ರಾಫರೇ ಇಲ್ಲದ ಸ್ಟುಡಿಯೋ ಅದು. ಬಾಗಿಲು ಹಾಕಿಕೊಂಡು, ಎದುರಿನ ಪರದೆಯಲ್ಲಿ ನಮ್ಮನ್ನು ನಾವೇ ನೋಡಿಕೊಂಡು, ರಿಮೋಟಿನ ಗುಂಡಿ ಒತ್ತುವುದು. ಅರ್ಧ ಗಂಟೆಗೆ ಸಾವಿರದ ಐನೂರು, ಎರಡು ಪ್ರಿಂಟು ಸೇರಿ.

ಭಾರತಿಯ ತಾಯಿ ಜಯಮ್ಮ ಆಂಟಿಗೆ ಈ ಪಾರ್ಟಿ ಎನ್ನುವುದು ಅರ್ಥವಾಗಲಿಲ್ಲ. ಮದುಮಗಳಿಗೆ ಬಳೆ ತೊಡಿಸುವ ಶಾಸ್ತ್ರ ಎಂದುಕೊಂಡರು. ಎಲೆ, ಅಡಿಕೆ, ಅರಿಶಿನ, ಕುಂಕುಮ, ಒಂದು ಬ್ಲೌಸ್ ಪೀಸು ಎಲ್ಲ ಚೀಲಕ್ಕೆ ತುಂಬಿ, "ಬಳೆಗಾರ್ತಿನ ಬರಿಗೈಲಿ ಕಳಿಸ್ಬೇಡ್ರೇ" ಎಂದರು. ಅವರ ಬೆನ್ನ ಹಿಂದೆ, ಶೋಕೇಸಿನಲ್ಲಿ, ಗಿಳಿಹಸಿರು ಸೀರೆಯ ಭಾರತಿಯ ಫೋಟೋ ಇತ್ತು. ನಾನು ಅದನ್ನು ನೋಡದೆ ಚಪ್ಪಲಿ ಮೆಟ್ಟಿಕೊಂಡೆ.

ಆಟೋದವರು ರಾಜಾಜಿನಗರದ ಮೆಟ್ರೋವರೆಗೆ ನೂರೈವತ್ತು ಕೇಳಿ ನೂರಿಪ್ಪತ್ತಕ್ಕೆ ಒಪ್ಪಿದರು. ದಾರಿಯಲ್ಲಿ ಭಾರತಿ ಫೋಟೋ ವಿಷಯ ಎತ್ತಿದಳು. ಗಂಡು ವೀರೇಶ್ ದಾವಣಗೆರೆ ಕಡೆಯವರು, ಲ್ಯಾಬಿನ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್. ಮೂರು ವರ್ಷ ದಿನಾ ನೋಡಿ, ಮಾತಾಡಿ, ಒಪ್ಪಿಕೊಂಡ ಮದುವೆ. ಅವಳು ಹಾಕಿದ ಷರತ್ತು ಒಂದೇ: ಮದುವೆಯಲ್ಲಿ ಕ್ಯಾಮೆರಾ ಇರಬಾರದು. ಅವರು ಒಪ್ಪಿದ್ದರು. ಈಗ ಅವರ ತಾಯಿ ಸೊಂಟ ಮುರಿದುಕೊಂಡು ಮಲಗಿದ್ದಾರೆ, ಸೊಸೆಯನ್ನು ಇನ್ನೂ ನೋಡಿಲ್ಲ, ಮದುವೆಗೂ ಬರಲಾರರು.

"ಒಂದು ಫೋಟೋ ಕಳ್ಸಿ ಅಂದಿದ್ದಾರೆ ಕಣೇ. ಮೊಬೈಲ್ದಲ್ಲ, ಕೈಲಿ ಹಿಡ್ದು ನೋಡೋವಂಥದ್ದು. ನಾಳೆ ಬೆಳಿಗ್ಗೆ ಇವ್ರು ಊರಿಗೆ ಹೋಗ್ತಾ ಇದಾರೆ. ನಾನು ಏನ್ ಕೊಡ್ಲಿ?"

"ಅದಕ್ಕೇ ಅಲ್ವಾ ಕೆಂಗೇರಿಗೆ ಹೋಗ್ತಿರೋದು?"

"ನಿನ್ನ ಮುಖ ನೋಡಿ ಬರ್ತಾ ಇದೀನಿ ಅಷ್ಟೇ. ತೆಗೆಸ್ಕೊಳ್ತೀನಿ ಅಂತ ಹೇಳಿಲ್ಲ" ಎಂದಳು.

ತಿಂಡಿಗೆ ಖಾಲಿ ದೋಸೆ, ಸಾಗು. ಭಾರತಿ ಎರಡು ಪ್ಲೇಟ್ ತಿಂದಳು. ಹೋಟೆಲಿನ ಎದುರಿಗೇ, ರಸ್ತೆಯಾಚೆ, ಈಗ ಮೊಬೈಲ್ ಕವರ್ ಮಾರುವ ಅಂಗಡಿಯಿದೆ. ಮೊದಲು ಅಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಡಿಗ್ರಿ ಮುಗಿಸಿ ಐದು ವರ್ಷ ನಾನು ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಹೆಚ್ಚಾಗಿ ಬರುತ್ತಿದ್ದುದು ಗಂಡಿನ ಮನೆಗೆ ಕಳಿಸುವ ಹುಡುಗಿ ಫೋಟೋಗಳು. ಒಂದು ನಿಂತಿದ್ದು, ಒಂದು ಮುಖ ಮಾತ್ರ. ತಾಯಂದಿರು ಕೌಂಟರಿನ ಮೇಲೆ ಬಗ್ಗಿ, "ಸ್ವಲ್ಪ ಕಲರ್ ಬರೋ ಹಾಗೆ ಮಾಡಮ್ಮ" ಎಂದು ಪಿಸುಗುಡುತ್ತಿದ್ದರು. ನಾನು ಮಾಡುತ್ತಿದ್ದೆ. ಆ ಬಡಾವಣೆಯ ಅದೆಷ್ಟು ಹುಡುಗಿಯರನ್ನು ಮೌಸ್ ಹಿಡಿದು ಬೆಳ್ಳಗೆ ಮಾಡಿದೆನೋ, ಲೆಕ್ಕವಿಲ್ಲ.

ಭಾರತಿ ಕಪ್ಪು. ಹನ್ನೆರಡು ವರ್ಷದ ಹಿಂದೆ ಗಿಳಿಹಸಿರು ಸೀರೆಯುಟ್ಟು ಅವಳೂ ಬಂದು ನಿಂತಳು. ಅವಳ ತಾಯಿ ಏನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳದೆಯೇ ನಾನು ಮಾಡಿದೆ. ನನ್ನ ಗೆಳತಿಗೆ ಒಳ್ಳೆಯದಾಗಲಿ ಎಂದು ಎರಡು ಸಂಜೆ ಕೂತು, ಉಳಿದವರಿಗಿಂತ ಹೆಚ್ಚು ಅಚ್ಚುಕಟ್ಟಾಗಿ ಮಾಡಿದೆ. ಗಂಡಿನವರು ಫೋಟೋ ಒಪ್ಪಿ ನೋಡಲು ಬಂದರು. ನಾನು ಅಡುಗೆಮನೆಯಲ್ಲಿ ಕೇಸರಿಬಾತ್ ತಟ್ಟೆಗೆ ಹಾಕುತ್ತಿದ್ದೆ. ಹುಡುಗನ ತಾಯಿ ವ್ಯಾನಿಟಿ ಬ್ಯಾಗಿನಿಂದ ಫೋಟೋ ತೆಗೆದು, ಒಮ್ಮೆ ಫೋಟೋ ನೋಡಿದರು, ಒಮ್ಮೆ ಭಾರತಿಯನ್ನು ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಜಯಮ್ಮ ಆಂಟಿಯನ್ನು ಕೇಳಿದರು, "ಇದು ನಿಮ್ಮ ದೊಡ್ಡ ಮಗಳದಾ? ಅವ್ರನ್ನ ಕರೀರಿ."

ದೊಡ್ಡ ಮಗಳು ಅಂತ ಯಾರೂ ಇರಲಿಲ್ಲ.

ಅವತ್ತು ಸಂಜೆ ಭಾರತಿ ನನ್ನನ್ನು ನೇರವಾಗಿ ಕೇಳಿದಳು, "ಲತಾ, ಫೋಟೋಗೆ ಏನಾದ್ರೂ ಮಾಡಿದ್ಯಾ?" "ಇಲ್ಲಪ್ಪ. ಕೆಲವರ ಮುಖ ಕ್ಯಾಮೆರಾದಲ್ಲಿ ಹಾಗೇ ಬರುತ್ತೆ" ಎಂದುಬಿಟ್ಟೆ. ಫೋಟೋ ವಿಷಯ ಬಲ್ಲವಳು ನಾನು, ಅವಳು ನಂಬಿದಳು. ಅಲ್ಲಿಂದಾಚೆ ಅವಳು ಯಾವ ಕ್ಯಾಮೆರಾದ ಮುಂದೆಯೂ ನಿಂತಿಲ್ಲ. ಈಗ ದೋಸೆ ತಿನ್ನುತ್ತಾ ಆ ಅಂಗಡಿ ನೋಡಿ, "ನಿನ್ನ ಹಳೇ ಸ್ಟುಡಿಯೋ ಅಲ್ವೇನೇ?" ಎಂದಳು. ಈಗ ಹೇಳು, ಈಗ ಹೇಳು ಎಂದುಕೊಂಡೆ. "ಹೂಂ, ಕಾಫಿ ಹೇಳ್ಲಾ?" ಎಂದೆ.

ರಾಜಾಜಿನಗರದಿಂದ ಮೆಜೆಸ್ಟಿಕ್, ಅಲ್ಲಿ ರೈಲು ಬದಲಿಸಿ ವಿಜಯನಗರ. ಹೊಸಹಳ್ಳಿ ದಾಟುವಾಗ ಸಣ್ಣಗೆ ಹನಿ ಶುರುವಾಯಿತು. ವಿಜಯನಗರದ ಮೆಟ್ರೋ ಮೆಟ್ಟಿಲ ಬಳಿ ನಸ್ರೀನ್ ಕಾಯುತ್ತಿದ್ದಳು. ಅವಳೂ ನಮ್ಮ ಹೈಸ್ಕೂಲಿನ ಬೆಂಚಿನವಳೇ, ಈಗ ಅಲ್ಲಿಯೇ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಕೈಯಲ್ಲೊಂದು ಕೆಂಪು ಸ್ಯಾಟಿನ್ ಪಟ್ಟಿ. ಅದರ ಮೇಲೆ ಜರಿ ದಾರದಲ್ಲಿ 'ಮದುಮಗಳು' ಎಂದು ಕಸೂತಿ.

"ಎಲ್ರೂ ಇಂಗ್ಲಿಷಲ್ಲಿ ಹಾಕ್ಸ್ತಾರೆ, ಬ್ರೈಡ್ ಟು ಬಿ ಅಂತ. ನಾನು ಕನ್ನಡದಲ್ಲೇ ಹಾಕಿದೀನಿ ನೋಡು. ಮೂರು ದಿನ ಕಣ್ಣು ಹೋಯ್ತು. ಹಾಕ್ಕೊಳ್ಳೇ!"

"ಇಲ್ಲೇನಾ? ಎಲ್ರೂ ನೋಡ್ತಾರೆ, ಸುಮ್ನಿರು" ಎಂದು ಭಾರತಿ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಮಡಿಸುವಾಗ ಆ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದ್ದನ್ನು ನಾನು ನೋಡಿದೆ.

ಮಾರ್ಕೆಟ್ಟಿನ ಬಳೆ ಅಂಗಡಿಯ ಅಜ್ಜಿ ಭಾರತಿಯ ಕೈ ಹಿಡಿದು, ಹಿಸುಕಿ, ಅಳತೆಯ ಬಳೆ ಇಲ್ಲದೆಯೇ "ಎರಡೂ ಕಾಲು" ಎಂದರು. ಭಾರತಿ ತಿಳಿಬಣ್ಣದ ಬಳೆ ತೋರಿಸಿ ಎಂದಾಗ ಅಜ್ಜಿ ಗದರಿದರು. "ನಿನ್ ಕೈಗೆ ಅಚ್ಚ ಹಸಿರೇ ಒಪ್ಪೋದು ಕಣವ್ವ. ಬೆಳ್ಳನೆ ಕೈಗೆ ಹಾಕಿದ್ರೆ ಇದು ಹಿಂಗೆ ಎದ್ದು ಕಾಣ್ತದಾ?" ಎರಡು ಡಜನ್ ತೊಡಿಸಿ, ಕೊನೆಯ ಬಳೆಯನ್ನು ಕಣ್ಣಿಗೊತ್ತಿಕೊಂಡು ಹಾಕಿದರು. ಜಯಮ್ಮ ಆಂಟಿ ಕೊಟ್ಟ ಅರಿಶಿನ ಕುಂಕುಮ ಅವರಿಗೆ ಸಂದಿತು. ಅಲ್ಲಿಂದ ಹೊರಟ ಮೇಲೆ ರೈಲಿನಲ್ಲಿ ಭಾರತಿ ಕೈಗಳನ್ನು ಮಡಿಲಲ್ಲಿಟ್ಟು ನೋಡಿಕೊಳ್ಳುತ್ತಲೇ ಇದ್ದಳು. ದೀಪಾಂಜಲಿ ನಗರ ಕಳೆದು ಮೈಸೂರು ರಸ್ತೆಯ ಮೇಲೆ ರೈಲು ಸಾಗುವಾಗ ಮಳೆ ನಿಂತಿತ್ತು.

ಕೆಂಗೇರಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಸ್ಟುಡಿಯೋ. ನೋಡಿಕೊಳ್ಳುವಾಕೆ ನಮ್ಮ ವಯಸ್ಸಿನವರೇ. ರಿಮೋಟ್ ಕೈಗಿತ್ತು, "ಒಳಗೆ ಯಾರೂ ಬರಲ್ಲ ಮೇಡಂ, ನಿಮ್ಮಿಷ್ಟ" ಎಂದು ಬಾಗಿಲು ಎಳೆದುಕೊಂಡರು. ಬೂದು ಗೋಡೆ, ಒಂದು ಸ್ಟೂಲು, ಕ್ಯಾಮೆರಾ, ಅದರ ಪಕ್ಕದಲ್ಲಿ ಪರದೆ. ಪರದೆಯಲ್ಲಿ ನಾವು ಮೂವರೂ ಕಂಡೆವು. ಭಾರತಿ ತಕ್ಷಣ ಬೆನ್ನು ತಿರುಗಿಸಿ ಕೂತಳು.

ಮೊದಲ ಹತ್ತು ನಿಮಿಷ ನಸ್ರೀನ್ ಏನೇನೋ ಮಾಡಿದಳು. ಕುಣಿದಳು, ನನ್ನ ತಲೆಗೆ ತನ್ನ ವೇಲು ಹೊದಿಸಿದಳು, ಗುಂಡಿ ಒತ್ತಿದಳು. ಭಾರತಿ ನಕ್ಕಳು, ತಿರುಗಲಿಲ್ಲ.

"ಒಂದೇ ಒಂದು ಕಣೇ. ಆ ಅಮ್ಮನಿಗೋಸ್ಕರ" ಎಂದಳು ನಸ್ರೀನ್.

"ನಿಮ್ಗೆ ಅರ್ಥ ಆಗಲ್ಲ" ಎಂದಳು ಭಾರತಿ ಗೋಡೆಯ ಕಡೆಯೇ ನೋಡುತ್ತಾ. "ನನ್ನ ಮುಖ ಸುಳ್ಳು ಹೇಳುತ್ತೆ. ಫೋಟೋದಲ್ಲಿ ಬೇರೆಯವ್ಳ ಹಾಗೆ ಬರ್ತೀನಿ, ಎದುರಿಗೆ ನೋಡಿದ್ರೆ ಹೀಗಿರ್ತೀನಿ. ಆ ಅಮ್ಮ ಫೋಟೋ ನೋಡಿ ಖುಷಿ ಪಡ್ತಾರೆ. ಆಮೇಲೆ ನನ್ನ ನೋಡಿದಾಗ ಮೋಸ ಮಾಡಿದ್ಲು ಅಂದ್ಕೋತಾರೆ. ಇನ್ನೊಂದ್ಸಲ ನಂಗಾಗಲ್ಲ."

ಹನ್ನೆರಡು ವರ್ಷ ಅವಳು ಹೊತ್ತುಕೊಂಡಿದ್ದು ಇದನ್ನು! ಅಂದು ಅವಳಿಗೆ ಅವಮಾನವಾಯಿತು, ಅದಕ್ಕೆ ಕ್ಯಾಮೆರಾ ಕಂಡರೆ ಆಗದು ಎಂದಷ್ಟೇ ನಾನು ತಿಳಿದಿದ್ದೆ. ನಾನು ಬಾಯಿಗೆ ಬಂದದ್ದು ಆಡಿದ ಒಂದು ಸುಳ್ಳನ್ನು ಅವಳು ತನ್ನ ಮುಖದ ಗುಣ ಎಂದು ನಂಬಿಕೊಂಡು ಬದುಕಿದ್ದಳು.

"ನಿನ್ನ ಮುಖ ಅಲ್ಲ ಭಾರತಿ. ನಾನು. ಆ ಫೋಟೋನ ಕಂಪ್ಯೂಟರಲ್ಲಿ ನಾನೇ ಬೆಳ್ಳಗೆ ಮಾಡಿದ್ದು. ನೀನು ಕೇಳ್ದಾಗ ಸುಳ್ಳು ಹೇಳ್ದೆ."

ಅವಳು ಆಗ ತಿರುಗಿದಳು. ಕೋಪವಿರಲಿಲ್ಲ, ಲೆಕ್ಕ ತಪ್ಪಿದವರು ಮತ್ತೆ ಕೂಡುವಂತೆ ನನ್ನನ್ನು ನೋಡಿದಳು.

"ಬಣ್ಣ ಒಂದೇನಾ?"

"ಮೂಗೂ ಸ್ವಲ್ಪ."

ಅವಳ ಕೈ ಮೂಗಿಗೆ ಹೋಯಿತು. ಹೊಸ ಬಳೆಗಳು ಮೊಣಕೈಯತ್ತ ಜಾರಿದವು. "ನನ್ನ ಮೂಗಿಗೆ ಏನಾಗಿತ್ತೇ ಲತಾ?"

ನಾನು ಅತ್ತುಬಿಟ್ಟೆ. ಅಳುವುದಕ್ಕೂ ನನಗೆ ಅಧಿಕಾರವಿಲ್ಲ ಎಂದು ಗೊತ್ತಿದ್ದೂ ಅತ್ತೆ.

"ಇಬ್ರೂ ಹೊರಗೆ ಹೋಗಿ" ಎಂದಳು. "ರಿಮೋಟ್ ಇಲ್ಲಿಟ್ಟು ಹೋಗಿ."

ಹೊರಗಿನ ಬೆಂಚಿನ ಮೇಲೆ ನಸ್ರೀನ್ ನನ್ನನ್ನು ಬಿಡಲಿಲ್ಲ. "ಇಷ್ಟು ವರ್ಷ ಬಾಯಲ್ಲಿ ಕಡುಬು ತುಂಬ್ಕೊಂಡಿದ್ಯಾ? ಅವ್ಳು ನನ್ನ ಮಗಳ ನಾಮಕರಣಕ್ಕೆ ಬಂದು, ಗ್ರೂಪ್ ಫೋಟೋ ಅಂದ ತಕ್ಷಣ ಅಡುಗೆಮನೆ ಸೇರ್ಕೊಂಡ್ಲು. ನಾನು ಅವ್ಳಿಗೆ ಜಂಬ ಅಂದ್ಕೊಂಡಿದ್ದೆ. ಛೆ!" ಆಮೇಲೆ ಅವಳೇ ತನ್ನ ವೇಲಿನ ತುದಿ ಕೊಟ್ಟು ಮೂಗು ಒರೆಸಿಕೋ ಎಂದಳು. ಕೆಳಗಿನ ಬೇಕರಿಯಿಂದ ಬನ್ನಿನ ವಾಸನೆ ಬರುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಒಂದು ಕ್ಲಿಕ್ ಕೇಳಿಸಿತು. ಆಮೇಲೆ ಇನ್ನೊಂದು. ಆಮೇಲೆ ಬಿಡದೆ ಬಂದವು. ನಸ್ರೀನ್ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಹೊರಬಂದಾಗ ಭಾರತಿಯ ಎದೆಯ ಮೇಲೆ 'ಮದುಮಗಳು' ಪಟ್ಟಿ ಇತ್ತು, ಕಣ್ಣು ಊದಿತ್ತು. ಪ್ರಿಂಟಿಗೆ ಒಂದನ್ನು ಆರಿಸಿ ತೋರಿಸಿದಳು. ಸ್ಟುಡಿಯೋದಾಕೆ ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, "ಸ್ವಲ್ಪ ಬ್ರೈಟ್ ಮಾಡ್ಕೊಡ್ಲಾ ಮೇಡಂ? ಫ್ರೀನೇ."

ಭಾರತಿ ನನ್ನ ಕಡೆ ನೋಡಿದಳು.

"ಬೇಡ" ಎಂದೆ. "ಇರೋದು ಇರೋ ಹಾಗೇ ಕೊಡಿ."

ಕೆಂಗೇರಿಯಲ್ಲೇ ಮುದ್ದೆ, ಬಸ್ಸಾರಿನ ಊಟ. ವಾಪಸ್ ರೈಲಿನಲ್ಲಿ ಭಾರತಿ ನಸ್ರೀನಳ ಪಕ್ಕ ಕೂತಳು, ನನ್ನ ಪಕ್ಕವಲ್ಲ. ವಿಜಯನಗರದಲ್ಲಿ ನಸ್ರೀನ್ ಇಳಿದ ಮೇಲೆಯೂ ಎದ್ದು ಬರಲಿಲ್ಲ. ಎದುರುಬದುರಾಗಿ ಕೂತು ಮೆಜೆಸ್ಟಿಕ್‌ವರೆಗೆ ಬಂದೆವು. ಪಟ್ಟಿ ಮಾತ್ರ ಅವಳು ತೆಗೆಯಲಿಲ್ಲ. ಒಬ್ಬ ಅಜ್ಜ ಅದನ್ನು ಅಕ್ಷರ ಕೂಡಿಸಿ ಓದಿ, "ಒಳ್ಳೇದಾಗ್ಲಿ ತಾಯಿ" ಎಂದರು. ಅವಳು ಎದ್ದು ನಿಂತು ಕೈ ಮುಗಿದಳು.

ನಂದಿನಿ ಲೇಔಟ್ ತಲುಪಿದಾಗ ಐದು ಗಂಟೆ, ಇಳಿಬಿಸಿಲು. ಒಂದು ಪ್ರಿಂಟು ದಾವಣಗೆರೆಗೆಂದು ಲಕೋಟೆಯಲ್ಲಿತ್ತು. ಇನ್ನೊಂದನ್ನು ಭಾರತಿ ತಾಯಿಯ ಕೈಗೆ ಕೊಟ್ಟಳು. ಜಯಮ್ಮ ಆಂಟಿ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಒಮ್ಮೆ ಫೋಟೋ ನೋಡಿದರು, ಒಮ್ಮೆ ಮಗಳನ್ನು ನೋಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ, ಅಂದು ಅಡುಗೆಮನೆಯಲ್ಲಿ ನಿಂತಿದ್ದ ಹಾಗೆ.

"ನೀನೇ ಕಣೇ" ಎಂದರು ಆಂಟಿ. "ಥೇಟ್ ನೀನೇ."

ಭಾರತಿ ಶೋಕೇಸಿನ ಫ್ರೇಮ್ ಬಿಚ್ಚಿದಳು. ಹಳೆಯ ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಹರಿಯದ ಹಾಗೆ ನಿಧಾನಕ್ಕೆ ಎಬ್ಬಿಸಿ, ಹೊಸದನ್ನು ಒಳಗಿಟ್ಟಳು. ಹಳೆಯದನ್ನು ನನ್ನ ಕೈಗೆ ಕೊಟ್ಟಳು.

"ಇದು ನಿಂದು. ತಗೊಂಡು ಹೋಗು."

"ಮದುವೆಗೆ ಬರ್ಲಾ ಭಾರತಿ?"

"ಬರ್ದೆ ಇರ್ತೀಯಾ? ಸೀರೆ ನೆರಿಗೆ ಯಾರು ಹಿಡೀತಾರೆ?" ಎಂದಳು, ಮುಖ ನೋಡದೆ.

ಆಟೋದಲ್ಲಿ ಕೂತು ಫೋಟೋ ನೋಡಿದೆ. ಐದು ವರ್ಷದ ನನ್ನ ಕೆಲಸದಲ್ಲಿ ಇದೇ ಅತಿ ಚೆಂದದ್ದು ಎಂದು ಒಂದು ಕಾಲಕ್ಕೆ ಹೆಮ್ಮೆಪಟ್ಟಿದ್ದೆ. ಹಸಿರು ಸೀರೆಯ ಆ ಬೆಳ್ಳನೆಯ ಹುಡುಗಿ ಯಾರೋ ನನಗೆ ಗೊತ್ತಿಲ್ಲ. ತಿರುಗಿ ನೋಡಿದೆ. ಗೇಟಿನ ಹತ್ತಿರ ಭಾರತಿ ನಿಂತಿದ್ದಳು. ಕೈ ಬೀಸಲಿಲ್ಲ. ಆದರೆ ಆಟೋ ಮೂಲೆ ತಿರುಗುವವರೆಗೆ ಒಳಗೂ ಹೋಗಲಿಲ್ಲ.